ವಿಮಾನದ ತಂತಿ ಗಿಡ್ಡವಾದದ್ದು ಏಕೆ?

ಮಕ್ಕಳೇ, ಸಮವಸ್ತ್ರ ಹೊಲಿಸಲು ದರ್ಜಿಯ ಅಂಗಡಿಗೆ ಹೋಗಿದ್ದೀರಲ್ಲವೇ? ಅವರು ನಿಮ್ಮ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಟ್ಟೆ ಕತ್ತರಿಸುವವರು ಬೇರೆಯವರಾದರೂ ಅದೇ ಪುಸ್ತಕ ನೋಡಿದರೆ ತೊಂದರೆಯಿಲ್ಲ. 'ತೋಳು ಎರಡು ಇಂಚು ಉದ್ದವಿರಲಿ' ಎಂದು ಅಮ್ಮ ಆಮೇಲೆ ಬರೆಸಿದರು ಎನ್ನಿ. ಕತ್ತರಿಸುವವರ ಕೈಯಲ್ಲಿ ಹಳೆಯ ಚೀಟಿಯೇ ಇದ್ದರೆ? ಅಂಗಿಯ ತೋಳು ಗಿಡ್ಡವಾಗುತ್ತದೆ!

ದೊಡ್ಡ ವಿಮಾನವೊಂದಕ್ಕೂ ಹೀಗೆಯೇ ಆಯಿತು. ಏರ್‌ಬಸ್ ಕಂಪನಿಯ ಎ380 ಎರಡು ಅಂತಸ್ತಿನ ಪ್ರಯಾಣಿಕರ ವಿಮಾನ. ಅದರೊಳಗಿನ ವಿದ್ಯುತ್ ತಂತಿಗಳ ಒಟ್ಟು ಉದ್ದ ಸುಮಾರು 530 ಕಿ.ಮೀ. ಬೆಂಗಳೂರಿನಿಂದ ಬೆಳಗಾವಿಗೆ ಎಳೆದರೂ ಸ್ವಲ್ಪ ಮಿಗುತ್ತದೆ. ವಿಮಾನದ ಕೆಲವು ಭಾಗಗಳಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಂತಿ ಅಳವಡಿಸಿ, ಫ್ರಾನ್ಸಿನ ಟೂಲೂಸ್‌ಗೆ ಕಳುಹಿಸುತ್ತಿದ್ದರು. ಅಲ್ಲಿ ಎಲ್ಲ ಭಾಗಗಳ ಜೋಡಣೆ. ಜೋಡಿಸಲು ಹೋದರೆ ಹಲವು ತಂತಿಗಳು ತಮ್ಮ ಜಾಗ ಮುಟ್ಟಲೇ ಇಲ್ಲ!

ನೀವೂ ಒಂದು ಪ್ರಯೋಗ ಮಾಡಿ. ಮೇಜಿನ ಮೇಲೆ ಎರಡು ಚುಕ್ಕೆ ಇಟ್ಟು, ನಡುವಿನ ದೂರಕ್ಕೆ ಸರಿಯಾಗಿ ದಾರ ಕತ್ತರಿಸಿ. ಈಗ ನಡುವೆ ಕಂಪಾಸ್ ಪೆಟ್ಟಿಗೆ ಇಟ್ಟು, ದಾರವನ್ನು ಅದರ ಪಕ್ಕದಿಂದ ಬಳಸಿ ಎಳೆಯಿರಿ. ದಾರ ಸಾಲದು. ಪ್ರತಿ ತಿರುವೂ ಒಂದಿಷ್ಟು ಉದ್ದವನ್ನು ನುಂಗುತ್ತದೆ. ವಿಮಾನದಲ್ಲಿಯೂ ತಂತಿಯ ದಾರಿ ಒಂದು ಕಡೆ ಬದಲಾದರೆ ಅದನ್ನು ಕತ್ತರಿಸುವವರಿಗೆ ಆ ಸುದ್ದಿ ತಲುಪಲೇಬೇಕು. ಆದರೆ ಹ್ಯಾಂಬರ್ಗ್‌ನವರು ಕಟಿಯಾ ಎಂಬ ವಿನ್ಯಾಸ ತಂತ್ರಾಂಶದ ನಾಲ್ಕನೆಯ ಆವೃತ್ತಿಯನ್ನೂ ಟೂಲೂಸ್‌ನವರು ಐದನೆಯದನ್ನೂ ಬಳಸುತ್ತಿದ್ದರು. ಒಂದರ ನಕ್ಷೆ ಇನ್ನೊಂದಕ್ಕೆ ಸರಿಯಾಗಿ ಹೋಗುತ್ತಿರಲಿಲ್ಲ.

ಇಂಥ ಕಡೆ ಬೇಕಾದದ್ದು ಎಲ್ಲರಿಗೂ ಒಂದೇ ಡೇಟಾಬೇಸ್, ಅಂದರೆ ಗಣಕಯಂತ್ರದೊಳಗಿನ ಅಳತೆ ಪುಸ್ತಕ. ಪ್ರತಿ ಬಿಡಿಭಾಗಕ್ಕೂ ಒಂದು ಸಂಖ್ಯೆ. ಅದರ ಮುಂದೆ ಉದ್ದ, ಲೋಹ, ಜೋಡಿಸುವ ಜಾಗ, ಕೊನೆಯ ಬದಲಾವಣೆ. ವಿನ್ಯಾಸಕಾರರು ಒಂದು ಅಂಕಿ ತಿದ್ದಿದರೆ, ಕಾರ್ಖಾನೆಯವರು ತೆರೆದು ನೋಡುವಾಗ ಹೊಸ ಅಂಕಿಯೇ ಕಾಣುತ್ತದೆ. ಹಳೆಯ ಚೀಟಿಗೆ ಅಲ್ಲಿ ಜಾಗವಿಲ್ಲ. ಹಾಗೆಂದು ಇದು ಮಾಯಾಪೆಟ್ಟಿಗೆಯಲ್ಲ. ತಪ್ಪು ಅಳತೆ ಬರೆದರೆ ಎಲ್ಲರಿಗೂ ಅದೇ ತಪ್ಪು ಸಿಗುತ್ತದೆ!

ಎ380ರ ಗಿಡ್ಡ ತಂತಿಗಳನ್ನು ಬಿಚ್ಚಿ ಕೈಯಿಂದಲೇ ಮತ್ತೆ ಹಾಕಬೇಕಾಯಿತು. ಅದಕ್ಕಾಗಿ ಜರ್ಮನಿಯಿಂದ ನೂರಾರು ಕೆಲಸಗಾರರು ಟೂಲೂಸ್‌ಗೆ ಬಂದರು. 2006ರಲ್ಲಿ ಸಿಗಬೇಕಿದ್ದ ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್‌ಗೆ ಸಿಕ್ಕಿದ್ದು 2007ರ ಅಕ್ಟೋಬರ್ 15ರಂದು. ಮುಂದೆ ಎ350 ವಿಮಾನವನ್ನು ರೂಪಿಸುವಾಗ ಏರ್‌ಬಸ್‌ನ ಎಲ್ಲ ಕೇಂದ್ರಗಳೂ ಗಣಕಯಂತ್ರದಲ್ಲಿನ ಒಂದೇ ಮಾದರಿಯನ್ನು ನೋಡಿ ಕೆಲಸ ಮಾಡಿದವು.