ಅಲ್ಪಾವಧಿಯ ವಿದೇಶ ವ್ಯಾಸಂಗ: ಅತಿಥಿಯೂ ವಿದ್ಯಾರ್ಥಿಯೂ

ವಿದ್ಯೆಯನ್ನರಸಿ ಊರು ಬಿಡುವುದು ನಮ್ಮ ಭಾಗದ ಜನರಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಮಠಗಳಿಂದ ಸಂಸ್ಕೃತಾಭ್ಯಾಸಕ್ಕೆಂದು ಕಾಶಿಗೆ ಹೋಗಿ ಬಂದವರ ಪರಂಪರೆಯೇ ಉಂಟು. 1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿಯೇ ಮನೆ ತೊರೆದು ಗ್ವಾಲಿಯರ್, ಜಾಲಂಧರಗಳವರೆಗೆ ಗುರುವನ್ನು ಹುಡುಕುತ್ತ ಅಲೆದು, ಕಡೆಗೆ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಸಂಗೀತ ಕಲಿತರು. ಆದರೆ ಅಂತಹ ವ್ಯಾಸಂಗಕ್ಕೆ ವರ್ಷಗಳು ಬೇಕಾಗುತ್ತಿದ್ದವು. ಇಂದು ವಿಶ್ವವಿದ್ಯಾಲಯಗಳು ಕೆಲವೇ ವಾರಗಳಿಗಾಗಿ ತಮ್ಮ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳುಹಿಸುತ್ತವೆ. ಇಷ್ಟು ಅಲ್ಪಕಾಲದಲ್ಲಿ ಕಲಿಯಲು ಸಾಧ್ಯವಾದುದೇನು ಎಂಬ ಪ್ರಶ್ನೆಗೆ ವಿದ್ಯಾಸಂಸ್ಥೆಗಳನ್ನು ನಡೆಸುವ ಮಠಗಳೂ ಉತ್ತರ ಕಂಡುಕೊಳ್ಳಬೇಕಾಗಿದೆ.

ಈ ಪದ್ಧತಿಗೆ ಒಂದು ಶತಮಾನದ ಇತಿಹಾಸವಿದೆ. 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯವು ಎಂಟು ಮಂದಿ ವಿದ್ಯಾರ್ಥಿಗಳನ್ನು ಫ್ರಾನ್ಸ್ ದೇಶಕ್ಕೆ ಕಳುಹಿಸಿತು. ಅವರದು ಒಂದು ವರ್ಷದ ವ್ಯಾಸಂಗ. 1987ರಲ್ಲಿ ಯುರೋಪಿನ ರಾಷ್ಟ್ರಗಳು ಎರಾಸ್ಮಸ್ ಯೋಜನೆಯನ್ನು ಆರಂಭಿಸಿದವು. ಕ್ರಮೇಣ ಅವಧಿ ಕುಗ್ಗುತ್ತ ಬಂದಿತು. ಈಗ ಅಮೆರಿಕದಿಂದ ಹೀಗೆ ಹೊರಡುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬೇಸಿಗೆಯ ರಜೆಯಲ್ಲಿ, ಅಥವಾ ಎಂಟು ವಾರಗಳಿಗೆ ಮೀರದಂತೆ ಹೋಗಿ ಬರುವವರೇ ಆಗಿದ್ದಾರೆ. ಖರ್ಚು ಕಡಿಮೆ, ಪದವಿ ವ್ಯಾಸಂಗಕ್ಕೂ ಅಡ್ಡಿಯಿಲ್ಲ ಎಂಬುದು ಇದರ ಅನುಕೂಲ.

ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಮೈಸೂರು. 1961ರಲ್ಲಿ ಸ್ಥಾಪಿತವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆಯು ಅಲ್ಲಿ ವಿದೇಶೀ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುತ್ತ ಬಂದಿದೆ. ತರಗತಿಯಲ್ಲಿ ವ್ಯಾಕರಣವನ್ನೂ ಮಾರುಕಟ್ಟೆಯಲ್ಲಿ ಮಾತನ್ನೂ ಕಲಿಯುವ ಈ ವಿದ್ಯಾರ್ಥಿಗಳು ತಮ್ಮ ಕನ್ನಡವೇ ಕನ್ನಡವೆಂದು ತಿಳಿದು ನಮ್ಮ ಭಾಗಕ್ಕೆ ಬಂದರೆ ಮೊದಲ ದಿನವೇ ಬೆರಗಾಗುತ್ತಾರೆ. ಅವರು ಕಲಿತುದು ‘ಇದೆ’ ಎಂದು, ಇಲ್ಲಿ ಕೇಳುವುದು ‘ಐತಿ’ ಎಂದು. ಅವರು ಕಲಿತುದು ‘ಬನ್ನಿ, ಕೂತ್ಕೊಳ್ಳಿ’, ಇಲ್ಲಿಯದು ‘ಬರ್ರಿ, ಕೂಡ್ರಿ’. ಗಂಡುಮೆಟ್ಟಿನ ನಾಡಿನ ಮಾತು ಕಿವಿಗೆ ಗಡುಸಾಗಿ ಬಿದ್ದರೂ, ಮಾತಿನ ಕೊನೆಗೆ ಹತ್ತುವ ಆ ‘ರಿ’ಕಾರದಲ್ಲಿ ಎಷ್ಟು ಗೌರವ ಅಡಗಿದೆ ಎಂಬುದನ್ನು ಪುಸ್ತಕ ಹೇಳಲಾರದು. ಆಡುಮಾತಿನ ಇಂತಹ ಭೇದಗಳ ಮಹತ್ವವನ್ನರಿತೇ, ಲಿಂಗಾಯತ ಸಮಾಜವನ್ನು ಅಭ್ಯಸಿಸಿದ ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಮೆಕ್‌ಕಾರ್ಮಕ್ ಅವರು ಎಂ. ಜಿ. ಕೃಷ್ಣಮೂರ್ತಿಯವರೊಡಗೂಡಿ ಕನ್ನಡದ ಆಡುಮಾತಿನ ಶೈಲಿಗಳನ್ನು ಕುರಿತ ಪಠ್ಯವೊಂದನ್ನು 1966ರಲ್ಲಿ ಪ್ರಕಟಿಸಿದರು.

ಪರದೇಶಕ್ಕೆ ಹೋದವರ ಮನಸ್ಸಿನ ಸ್ಥಿತ್ಯಂತರಗಳನ್ನು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು 1960ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಮೊದಲು ಎಲ್ಲವೂ ಸೊಗಸು. ಬಳಿಕ ಬೇಸರ, ದಣಿವು, ಮನೆಯ ಹಂಬಲ, ಸುತ್ತಲಿನವರ ಮೇಲೆ ಸಿಡಿಮಿಡಿ. ಅದನ್ನು ದಾಟಿದ ಮೇಲೆ ನಿಧಾನವಾಗಿ ಹೊಂದಿಕೆ. ಅಲ್ಪಾವಧಿಯ ವ್ಯಾಸಂಗದ ನಿಜವಾದ ತೊಡಕು ಇಲ್ಲಿಯೇ ಇದೆ. ಎರಡು ವಾರಕ್ಕೆ ಬಂದವರು ಸೊಗಸನ್ನು ಮಾತ್ರ ಕಂಡು ಮರಳುತ್ತಾರೆ. ಆರು ವಾರಕ್ಕೆ ಬಂದವರು ಬೇಸರದ ನಡುವೆಯೇ ಗಂಟು ಕಟ್ಟುವ ಪ್ರಸಂಗ ಬರಬಹುದು. ಅವಧಿಯನ್ನು ಹಿಗ್ಗಿಸಲಾಗದು. ಆದರೆ ಆ ದಿನಗಳನ್ನು ಹೇಗೆ ಕಳೆಯಬೇಕೆಂಬುದು ಆತಿಥೇಯರ ಕೈಯಲ್ಲಿದೆ.

ನಮ್ಮ ಆತಿಥ್ಯವೇ ಇಲ್ಲಿ ಅಡ್ಡಿಯಾಗಬಲ್ಲದು ಎಂದರೆ ವಿಚಿತ್ರವಾಗಿ ತೋರೀತು. ರೋಣದ ಕಡೆಯ ಯಾವ ಮನೆಗೆ ಹೋದರೂ ಪರದೇಶದವರಿಗೆ ಎತ್ತರದ ಕುರ್ಚಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಸಿದ್ಧ. ಶಾಲೆಗೆ ಬಂದರೆ ಹಾರ, ಶಾಲು, ಭಾಷಣ. ರೊಟ್ಟಿ ಬಡಿಯಲು ಕುಳಿತರೆ ‘ನಿಮಗ್ಯಾಕ ಬಿಡ್ರಿ’ ಎಂದು ಎಬ್ಬಿಸುತ್ತಾರೆ. ತಪ್ಪು ಕನ್ನಡವನ್ನಾಡಿದರೆ ತಿದ್ದುವುದಿಲ್ಲ, ಹೊಗಳುತ್ತಾರೆ. ಇದು ಪ್ರೀತಿಯೇ ಸರಿ. ಆದರೆ ಹೀಗೆ ಉಪಚಾರದಲ್ಲಿ ಮುಳುಗಿದವರು ಅತಿಥಿಗಳಾಗಿಯೇ ಉಳಿಯುತ್ತಾರೆ, ವಿದ್ಯಾರ್ಥಿಗಳಾಗುವುದಿಲ್ಲ.

ಇದಕ್ಕೆ ಪರಿಹಾರವು ಶರಣರ ಪರಂಪರೆಯಲ್ಲಿಯೇ ದೊರೆಯುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ದೂರದೇಶಗಳಿಂದ ಜಿಜ್ಞಾಸುಗಳು ಬಂದರೆಂದು ಸಂಪ್ರದಾಯ ಹೇಳುತ್ತದೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದ ಮಾರಯ್ಯನು ಕಟ್ಟಿಗೆಯ ಹೊರೆ ಮಾರಿ ಮೋಳಿಗೆಯ ಮಾರಯ್ಯನಾದನು. ಆಫಘಾನಿಸ್ತಾನದ ಕಡೆಯಿಂದ ಬಂದನೆಂದು ಪ್ರತೀತಿಯಿರುವ ಮರುಳಶಂಕರದೇವನು ಹನ್ನೆರಡು ವರ್ಷ ಪ್ರಸಾದಕುಂಡದ ಬಳಿ ಸೇವೆ ಮಾಡುತ್ತ, ಯಾರ ಗಮನಕ್ಕೂ ಬಾರದೆ ಇದ್ದನು. ಕಲ್ಯಾಣವು ಅವರಿಗೆ ದಾಸೋಹವನ್ನಷ್ಟೇ ನೀಡಲಿಲ್ಲ, ಕಾಯಕಕ್ಕೂ ಅವಕಾಶ ಕೊಟ್ಟಿತು. ಅದರಿಂದಲೇ ಅವರು ಅಲ್ಲಿಯವರಾದರು. ಇಂದಿನ ಅಲ್ಪಾವಧಿಯ ವ್ಯಾಸಂಗಕ್ಕೂ ಇದೇ ಸೂತ್ರ ಅನ್ವಯಿಸುತ್ತದೆ.

ಅಂತಹ ಕಾಯಕಕ್ಕೆ ಈ ಮೂರು ತಾಲೂಕುಗಳಲ್ಲಿ ಕೊರತೆಯಿಲ್ಲ. ಗಜೇಂದ್ರಗಡದ ಕೈಮಗ್ಗದ ಬಳಿ ಒಂದು ವಾರ ಕುಳಿತವರಿಗೆ ಪಟ್ಟೇದ ಅಂಚಿನ ಸೀರೆಯ ಬೆಲೆ ಮಾತ್ರವಲ್ಲ, ಹಾಸು, ಹೊಕ್ಕು, ಲಾಳಿ ಎಂಬ ಶಬ್ದಗಳೂ ನೇಕಾರನ ಬದುಕೂ ತಿಳಿಯುತ್ತವೆ. ಸೂಡಿಯ ಜೋಡುಕಲಶದ ಗುಡಿಯನ್ನೂ ನಾಗಕುಂಡವನ್ನೂ ಶಾಲೆಯ ಮಕ್ಕಳ ಜೊತೆ ಅಳತೆ ಹಿಡಿದು ನಕ್ಷೆ ಬರೆಯುವುದು ನೂರು ಛಾಯಾಚಿತ್ರಗಳಿಗಿಂತ ಮೇಲು. ನರಗುಂದದ ಬಾಬಾಸಾಹೇಬರ 1858ರ ಬಂಡಾಯವನ್ನು ಆಂಗ್ಲರು ಬರೆದ 1884ರ ಧಾರವಾಡ ಗ್ಯಾಝೆಟಿಯರಿನಲ್ಲಿ ಓದಿ, ಬಳಿಕ ಗುಡ್ಡದ ಕೆಳಗಿನ ಹಿರಿಯರ ಬಾಯಿಂದ ಕೇಳಿದವರಿಗೆ, ಒಂದೇ ಘಟನೆಗೆ ಎರಡು ಮುಖಗಳಿರುವುದನ್ನು ಬೇರೆ ಉಪನ್ಯಾಸದಿಂದ ತಿಳಿಸಬೇಕಾಗಿಲ್ಲ. 1980ರ ರೈತ ಬಂಡಾಯವನ್ನು ಕಂಡವರೂ ಅದೇ ಊರಿನಲ್ಲಿದ್ದಾರೆ.

ಲಾಭವು ಒಂದು ಕಡೆಯದೇ ಆಗಬಾರದು. ವಿದೇಶೀ ವಿದ್ಯಾರ್ಥಿಯು ಬಡತನವನ್ನು ನೋಡಿ ಚಿತ್ರ ತೆಗೆದುಕೊಂಡು ಹೋಗುವಂತಾದರೆ ಊರು ಪ್ರದರ್ಶನದ ವಸ್ತುವಾಗುತ್ತದೆ. ತಾನು ಬರೆದುದರ ಒಂದು ಪ್ರತಿಯನ್ನು, ಕನ್ನಡದ ಸಾರಾಂಶದೊಡನೆ, ಶಾಲೆಯ ಗ್ರಂಥಾಲಯಕ್ಕೆ ಕಳುಹಿಸುವ ಕಟ್ಟುಪಾಡು ಇರಬೇಕು. ಇನ್ನು ನಮ್ಮ ಪ್ರಸಾದನಿಲಯದ ಹುಡುಗನೊಬ್ಬನು ಪರದೇಶದವನ ಕನ್ನಡವನ್ನು ತಿದ್ದುವಾಗ, ತನ್ನ ಮಾತಿಗೂ ನಿಯಮವಿದೆ, ತನ್ನ ಆಡುನುಡಿಯೂ ಅಭ್ಯಾಸಯೋಗ್ಯ ಎಂಬ ಅರಿವು ಅವನಲ್ಲಿ ಮೂಡುತ್ತದೆ. ‘ಹಳ್ಳಿಯ ಭಾಷೆ’ ಎಂದು ಪಟ್ಟಣದಲ್ಲಿ ನಾಚಿಕೊಳ್ಳುವ ನಮ್ಮ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಇದಕ್ಕೆ ದೊಡ್ಡ ಕಟ್ಟಡವೇನೂ ಬೇಕಾಗಿಲ್ಲ. ಪ್ರಸಾದನಿಲಯದಲ್ಲಿ ಒಂದು ಕೋಣೆ, ದಿನಕ್ಕೆರಡು ತಾಸು ಬಿಡುವು ಪಡೆದ ಒಬ್ಬ ಕನ್ನಡ ಅಧ್ಯಾಪಕರು, ಜೊತೆಗಾರರಾಗಿ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಸಾಕು. ದಾನಿಗಳು ಕೊಠಡಿಗೆ ಹೆಸರು ಬರೆಸುವಂತೆಯೇ ಅಧ್ಯಾಪಕರ ಆ ಎರಡು ತಾಸಿಗೂ ನೆರವಾಗಬಹುದು. ಹೊರದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ನಮ್ಮ ಊರುಗಳ ಪರಿಚಯ ಮಾಡಿಕೊಡಬಹುದು. ಬಂದವರಿಗೆ ಮೊದಲ ದಿನ ಹಾರ ಹಾಕುವುದು ನಮ್ಮ ಸಂಪ್ರದಾಯ. ಎರಡನೆಯ ದಿನ ಕೈಗೊಂದು ಕೆಲಸ ಕೊಟ್ಟರೆ, ಹೊರಡುವ ದಿನ ಅವರು ‘ಹೋಗಿ ಬರತೇನ್ರಿ’ ಎಂದಾಗ ಅದು ಬರಿಯ ಉಪಚಾರದ ಮಾತಾಗಿ ಉಳಿಯಲಾರದು.