ಹಿಮದ ಊರಿಗೆ ಒಂದೇ ಗೇರು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆದರೂ ಹಳೆಯ ರೈಲು ಕಂದಕದಲ್ಲಿ ಹಾದುಹೋಗುವ ‘ಮಿಡ್‌ಟೌನ್ ಗ್ರೀನ್‌ವೇ’ ಸೈಕಲ್ ದಾರಿಯ ಹಿಮವನ್ನು ಚಳಿಗಾಲವಿಡೀ ಬಳಿದು ತೆಗೆಯುತ್ತಾರೆ, ಜನ ಪೆಡಲ್ ತುಳಿದುಕೊಂಡೇ ಕೆಲಸಕ್ಕೆ ಹೋಗುತ್ತಾರೆ. ಇವರಲ್ಲಿ ಹಲವರ ಮನೆಯಲ್ಲಿ ಎರಡು ಸೈಕಲ್: ಬೇಸಿಗೆಗೊಂದು ಒಳ್ಳೆಯದು, ಚಳಿಗಾಲಕ್ಕೊಂದು ಹಾಳಾದರೂ ಚಿಂತೆಯಿಲ್ಲ ಎನ್ನುವಂಥದ್ದು. ಎರಡನೆಯದು ಹೆಚ್ಚಾಗಿ 1970–80ರ ದಶಕದ, ಹತ್ತು ಗೇರಿನ ಉಕ್ಕಿನ ಸೈಕಲ್. ಅದರ ಗೇರುಗಳನ್ನೆಲ್ಲ ಕಿತ್ತು ಒಂದನ್ನಷ್ಟೇ ಉಳಿಸಿಕೊಳ್ಳುವುದು ಅಲ್ಲಿನ ರೂಢಿ. ನಮ್ಮ ಕಪ್ಪು ಅಟ್ಲಾಸ್, ಹರ್ಕ್ಯುಲಿಸ್‌ಗಳಿಗೆ ಮೊದಲೇ ಗೇರಿರಲಿಲ್ಲ. ಇವರು ಕಷ್ಟಪಟ್ಟು ಅಲ್ಲಿಗೇ ಬಂದರಲ್ಲ ಎಂದು ನಗು ಬರಬಹುದು. ಆದರೆ ಅದರ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿದೆ.

ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ತೂಕದಲ್ಲಿ ಶೇ 23ರಷ್ಟು ಉಪ್ಪು ಬೆರೆತ ನೀರು −21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ರಸ್ತೆಯ ಮೇಲೆ ಅಷ್ಟು ಗಾಢ ದ್ರಾವಣ ಎಲ್ಲಿ ಸಿಗಬೇಕು? −10ರ ಆಸುಪಾಸಿನಲ್ಲೇ ಉಪ್ಪು ಸೋಲತೊಡಗುತ್ತದೆ. ಅಲ್ಲಿಯವರೆಗಂತೂ ರಸ್ತೆಯಲ್ಲಿ ಕಂದು ಬಣ್ಣದ ರಾಡಿ, ಚಕ್ರ ತಿರುಗಿದಂತೆಲ್ಲ ಅದು ಚೈನಿನ ಮೇಲೆ. ತುಕ್ಕು ಹಿಡಿಯುವಾಗ ಕಬ್ಬಿಣದ ಒಂದು ಜಾಗ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ, ಇನ್ನೊಂದು ಜಾಗದಲ್ಲಿ ನೀರಿನೊಳಗಿನ ಆಮ್ಲಜನಕ ಅದನ್ನು ಪಡೆಯುತ್ತದೆ. ಈ ವಿದ್ಯುತ್ ಮಂಡಲ ಪೂರ್ತಿಯಾಗಲು ನೀರಿನಲ್ಲಿ ಅಯಾನುಗಳು ಓಡಾಡಬೇಕು. ಮಳೆನೀರಿನಲ್ಲಿ ಅವು ವಿರಳ, ಉಪ್ಪುನೀರಿನಲ್ಲಿ ಧಾರಾಳ. ಉಪ್ಪಿನಕಾಯಿ ಭರಣಿಗೆ ತಗಡಿನ ಮುಚ್ಚಳ ಹಾಕಿದರೆ ಏನಾಗುತ್ತದೆಂದು ಯಾರಿಗೂ ಹೇಳಬೇಕಿಲ್ಲ. ಕೆಲವೆಡೆ ಬಳಸುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಹಠಮಾರಿ. ಅಡುಗೆ ಉಪ್ಪು ಗಾಳಿಯ ತೇವ ಹೀರಿ ನೀರಾಗಲು ಸುಮಾರು ಶೇ 75ರಷ್ಟು ಸಾಪೇಕ್ಷ ಆರ್ದ್ರತೆ ಬೇಕು, ಇದಕ್ಕೆ 33 ಸಾಕು. ಹೀಗಾಗಿ ಸೈಕಲ್ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಪಾಪ ಚಳಿಯಲ್ಲಿ ಬಂದಿದೆ ಎಂದು ತೊಳೆಯದೆ ಬೆಚ್ಚನೆಯ ಮನೆಯೊಳಗೆ ನಿಲ್ಲಿಸಿದರೆ ಇನ್ನೂ ಕೇಡು, ಬಿಸಿಯಲ್ಲಿ ತುಕ್ಕಿನ ಕ್ರಿಯೆ ಚುರುಕಾಗುತ್ತದೆ. ಹೊರಗಿನ ಶೆಡ್ಡೇ ವಾಸಿ.

ಗೇರು ಬದಲಿಸುವ ಡಿರೇಲರ್‌ನಲ್ಲಿ ಸ್ಪ್ರಿಂಗು, ಎರಡು ಪುಟ್ಟ ರಾಟೆ, ಹಲವು ಕೀಲು, ಜೊತೆಗೆ ಕೊಳವೆಯೊಳಗೆ ಜಾರುವ ತಂತಿ. ರಾಡಿ ಎಲ್ಲದರೊಳಗೂ ನುಗ್ಗುತ್ತದೆ. ಕೊಳವೆಗೆ ಸೇರಿದ ನೀರು ರಾತ್ರಿ ಮಂಜುಗಡ್ಡೆಯಾದರೆ ಬೆಳಿಗ್ಗೆ ತಂತಿ ಅಲ್ಲಾಡುವುದಿಲ್ಲ. ಹತ್ತು ಗೇರಿನ ಸೈಕಲ್ ತಾನಾಗಿಯೇ ಒಂದು ಗೇರಿನದಾಗುತ್ತದೆ, ಅದೂ ನಮಗೆ ಬೇಡದ ಗೇರಿನಲ್ಲಿ.

ಬಿಚ್ಚುವುದು ಅರ್ಧ ದಿನದ ಕೆಲಸ. ತಲೆ ಕೆಡಿಸುವುದು ಚೈನಿನ ಬಿಗಿ. ಡಿರೇಲರ್ ಇದ್ದಾಗ ಸಡಿಲವನ್ನು ಅದರ ಸ್ಪ್ರಿಂಗು ಎಳೆದುಕೊಳ್ಳುತ್ತಿತ್ತು. ಅದು ಹೋದ ಮೇಲೆ ಹಿಂದಿನ ಚಕ್ರವನ್ನೇ ಹಿಂದೆ ಮುಂದೆ ಸರಿಸಬೇಕು. ಹಳೆಯ ಸೈಕಲ್ಲಿನ ಬೆಲೆ ಇರುವುದು ಇಲ್ಲೇ. ಅದರ ಆಕ್ಸಲ್ ಕೂರುವ ಸೀಳು ಅಡ್ಡಡ್ಡ ಇರುತ್ತದೆ. ಈಚಿನ ಗೇರ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಲಂಬ, ಚಕ್ರ ಸರಿಯಲು ಜಾಗವೇ ಇಲ್ಲ.

ಎಷ್ಟು ಜಾಗ ಬೇಕು? ಚೈನಿನ ಒಂದು ಕೊಂಡಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಆದರೆ ಒಳಗೊಂದು ಹೊರಗೊಂದು ಪಟ್ಟಿಯ ಕೊಂಡಿಗಳು ಜೋಡಿಯಾಗಿ ಬರುವುದರಿಂದ ಚೈನನ್ನು ಒಂದೊಂದೇ ಇಂಚಿನಂತೆ ಮಾತ್ರ ಕತ್ತರಿಸಬಹುದು. ಚೈನು ಮೇಲೊಮ್ಮೆ ಕೆಳಗೊಮ್ಮೆ ಹಾಯುತ್ತದೆ, ಒಂದಿಂಚು ಕಡಿದರೆ ಆಕ್ಸಲ್ ಅರ್ಧ ಇಂಚು ಮುಂದೆ ಬರಬೇಕು. ಸೀಳಿನಲ್ಲಿ ಅಷ್ಟು ಜಾಗವಿದ್ದರೆ ಯಾವ ಹಲ್ಲುಚಕ್ರ ಹಾಕಿದರೂ ಹೊಂದುತ್ತದೆ. ಹಿಂದಿನ ಹಲ್ಲುಚಕ್ರಕ್ಕೆ ಒಂದು ಹಲ್ಲು ಹೆಚ್ಚಾದರೆ ಆಕ್ಸಲ್ ಸರಿಯುವುದು ಇದರ ಕಾಲುಭಾಗ, ಸುಮಾರು 3.2 ಮಿಲಿಮೀಟರ್. ಲಂಬ ಸೀಳಿನವರು ಹಲ್ಲುಗಳ ಸಂಖ್ಯೆ ಬದಲಿಸುತ್ತಾ ಹೊಂದುವ ಜೋಡಿಗಾಗಿ ಹುಡುಕಬೇಕು, ಇಲ್ಲವೇ ಸ್ಪ್ರಿಂಗಿನ ಟೆನ್ಷನರ್ ಹಾಕಬೇಕು. ರಾಡಿಗೆ ಸಿಗುವ ಇನ್ನೊಂದು ರಾಟೆ ಸೇರಿಸಿದಂತಾಯಿತು, ನನಗಂತೂ ಸರಿಕಾಣದು.

ಬಿಗಿ ಅತಿಯಾಗಲೂ ಬಾರದು. ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗಿರುವುದು ಅಪರೂಪ. ಪೆಡಲ್ ನಿಧಾನ ತಿರುಗಿಸಿದರೆ ಒಂದು ಕಡೆ ಚೈನು ಬಿಗಿಯುತ್ತದೆ, ಇನ್ನೊಂದು ಕಡೆ ಜೋಲುತ್ತದೆ. ಅತಿ ಬಿಗಿಯಾದ ಜಾಗದಲ್ಲೂ ಬೆರಳಿನಿಂದ ಒತ್ತಿದರೆ ಚೈನು ಸ್ವಲ್ಪ ಆಡಬೇಕು, ಇಲ್ಲದಿದ್ದರೆ ಬೇರಿಂಗು ಸವೆಯುತ್ತದೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡೂ ಹಲ್ಲುಚಕ್ರ ಒಂದೇ ಗೆರೆಯಲ್ಲಿರಬೇಕು.

ಗೇರಿನ ಲೆಕ್ಕದಲ್ಲಿ ಬೇಸಿಗೆಯ ಹುಮ್ಮಸ್ಸು ಸಲ್ಲದು. ಒಂದೇ ಒತ್ತಡದಲ್ಲಿ −15 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ 17ರಷ್ಟು ಹೆಚ್ಚು ಸಾಂದ್ರ, ಅದೇ ವೇಗಕ್ಕೆ ಅಷ್ಟೇ ಹೆಚ್ಚು ತಡೆ. ಮೊಳೆ ಟೈರಿನ ಭಾರ, ದಪ್ಪ ಕೋಟು ಬೇರೆ. ಮುಂದೆ 42, ಹಿಂದೆ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಎರಡೂಕಾಲು ಸುತ್ತಿಗಿಂತ ತುಸು ಹೆಚ್ಚು ತಿರುಗಿ ಸೈಕಲ್ ಸುಮಾರು 5 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್. ಮಂಜುಗಡ್ಡೆಯ ಮೇಲೆ ಅದಕ್ಕಿಂತ ವೇಗ ಯಾರಿಗೆ ಬೇಕು?

ಒಂದು ತೊಂದರೆಯಂತೂ ಒಂಟಿ ಗೇರಿಗೂ ತಪ್ಪಿದ್ದಲ್ಲ. ಫ್ರೀವೀಲಿನೊಳಗೆ ಪುಟ್ಟ ನಾಲಿಗೆಗಳಿರುತ್ತವೆ, ಸಣ್ಣ ಸ್ಪ್ರಿಂಗುಗಳು ಅವನ್ನು ಹಲ್ಲಿಗೆ ಒತ್ತುತ್ತವೆ. ಕಡುಚಳಿಗೆ ಗ್ರೀಸು ಗಟ್ಟಿಯಾದರೆ ನಾಲಿಗೆ ಏಳುವುದಿಲ್ಲ. ಪೆಡಲ್ ಸುಮ್ಮನೆ ಗಿರಗಿರ ತಿರುಗುತ್ತದೆ, ಸೈಕಲ್ ನಿಂತಲ್ಲೇ ನಿಲ್ಲುತ್ತದೆ. ನವೆಂಬರಿನಲ್ಲೇ ಗ್ರೀಸು ತೊಳೆದು ತೆಳು ಎಣ್ಣೆ ಬಿಟ್ಟವರಿಗೆ ಈ ಫಜೀತಿ ಕಡಿಮೆ. ಅದೂ ಬೇಡವೆನ್ನುವವರು ಫ್ರೀವೀಲನ್ನೇ ತೆಗೆದು ಹಲ್ಲುಚಕ್ರವನ್ನು ಹಬ್ಬಿಗೆ ನೇರ ಬಿಗಿಯುತ್ತಾರೆ. ಅದಕ್ಕೆ ಲಾಕ್‌ರಿಂಗ್ ಕೂರುವ ಬೇರೆಯೇ ಹಬ್ ಬೇಕು. ಆಗ ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗುತ್ತಲೇ ಇರಬೇಕು, ಮುಂದಿನ ಬ್ರೇಕನ್ನಂತೂ ತೆಗೆಯುವಂತಿಲ್ಲ.