ಬ್ಯಾಟರಿ ಡ್ರಿಲ್ ಯಂತ್ರ ಕೆಟ್ಟಾಗ: ದುರಸ್ತಿಯೇ, ಬದಲಾವಣೆಯೇ?

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ನಗರಗಳಲ್ಲಿ ಕಟ್ಟಡದ ಕೆಲಸ ವರ್ಷವಿಡೀ ನಡೆಯುತ್ತಲೇ ಇರುತ್ತದೆ. ಒಂದೆಡೆ ಹೊಸ ಗೃಹಸಂಕೀರ್ಣಗಳು ಏಳುತ್ತಿದ್ದರೆ ಮತ್ತೊಂದೆಡೆ ಹಳೆಯ ಮನೆಗಳ ಅಡುಗೆಕೋಣೆ, ಕಪಾಟು, ಕಿಟಕಿಗಳು ಹೊಸ ರೂಪ ಪಡೆಯುತ್ತಿರುತ್ತವೆ. ಈ ಕೆಲಸವನ್ನೇ ನಂಬಿ ಬದುಕುವ ಬಡಗಿಗಳು, ವಿದ್ಯುತ್ ಕೆಲಸಗಾರರು ಮತ್ತು ಅಲ್ಯೂಮಿನಿಯಂ ಕಿಟಕಿ ಜೋಡಿಸುವವರ ಪೈಕಿ ಕರ್ನಾಟಕದಿಂದ ಬಂದು ನೆಲೆಸಿದವರೂ ಇದ್ದಾರೆ. ಹಿಂದೆ ಕೈಬೈರಿಗೆ ಮತ್ತು ತಿರುಪುಳಿ ಇರುತ್ತಿದ್ದ ಅವರ ಚೀಲದಲ್ಲಿ ಈಗ ಬ್ಯಾಟರಿಯಿಂದ ನಡೆಯುವ, ತಂತಿಯಿಲ್ಲದ ಡ್ರಿಲ್ ಯಂತ್ರ ಇರುತ್ತದೆ. ಇಂತಹ ಯಂತ್ರವು ಕೆಲಸದ ನಡುವೆ ನಿಂತುಹೋದರೆ ಆ ದಿನದ ಸಂಪಾದನೆಯೂ ನಿಲ್ಲುತ್ತದೆ. ಆ ಅವಸರದಲ್ಲಿ ಕೆಲವರು ಸರಿಪಡಿಸಬಹುದಾದ ಯಂತ್ರವನ್ನು ಬಿಸಾಡಿ ಹೊಸದನ್ನು ಕೊಳ್ಳುತ್ತಾರೆ. ಮತ್ತೆ ಕೆಲವರು ಖಾತರಿ ಅವಧಿ ಇನ್ನೂ ಉಳಿದಿರುವಾಗಲೇ ಬೀದಿಯಂಗಡಿಯಲ್ಲಿ ಯಂತ್ರವನ್ನು ಬಿಚ್ಚಿಸಿ ತಮಗಿದ್ದ ಹಕ್ಕನ್ನು ದುರ್ಬಲಗೊಳಿಸಿಕೊಳ್ಳುತ್ತಾರೆ. ಈ ಎರಡು ನಷ್ಟಗಳನ್ನೂ ತಪ್ಪಿಸಲು ಅಗತ್ಯವಾದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಕೆಟ್ಟಿರುವುದು ಯಾವುದು?

ತಂತಿರಹಿತ ಡ್ರಿಲ್ ಒಂದೇ ವಸ್ತುವಿನಂತೆ ಕಂಡರೂ ವಾಸ್ತವದಲ್ಲಿ ಅದು ಬ್ಯಾಟರಿ, ಚಾರ್ಜರ್ ಮತ್ತು ಯಂತ್ರ ಎಂಬ ಮೂರು ಬೇರೆ ಬೇರೆ ವಸ್ತುಗಳ ಕೂಟ. ಈ ಮೂರರಲ್ಲಿ ದೋಷವಿರುವುದು ಯಾವುದರಲ್ಲಿ ಎಂಬುದನ್ನು ತಿಳಿಯದೆ ದುರಸ್ತಿಯ ವಿಚಾರವಾಗಲಿ ಬದಲಾವಣೆಯ ವಿಚಾರವಾಗಲಿ ಮಾಡುವುದು ವ್ಯರ್ಥ.

ಮೊದಲು, ದೋಷವೇ ಅಲ್ಲದ ಎರಡು ಸಂಗತಿಗಳನ್ನು ಹೇಳಬೇಕು. ತಿರುಗುವ ದಿಕ್ಕನ್ನು ಬದಲಿಸುವ ಸಣ್ಣ ಗುಂಡಿಯು ನಡುವೆ ನಿಂತಿದ್ದರೆ ಸ್ವಿಚ್ಚನ್ನು ಒತ್ತಲು ಬರುವುದಿಲ್ಲ. ಅದು ಸುರಕ್ಷತೆಗಾಗಿ ಮಾಡಿರುವ ಏರ್ಪಾಡು. ಮೂತಿಯ ಬಳಿ ಅಂಕಿಗಳನ್ನು ಬರೆದ ಬಳೆಯನ್ನು ಚಿಕ್ಕ ಅಂಕಿಗೆ ತಿರುಗಿಸಿಟ್ಟಿದ್ದರೆ, ಸ್ಕ್ರೂ ಬಿಗಿಯಾಗುತ್ತಿದ್ದಂತೆ ಕಟಕಟ ಸದ್ದಾಗಿ ಮೂತಿ ತಿರುಗುವುದು ನಿಲ್ಲುತ್ತದೆ. ಸ್ಕ್ರೂವಿನ ತಲೆ ಸವೆಯದಿರಲೆಂದು ಇರುವ ವ್ಯವಸ್ಥೆಯಿದು. ಹಲ್ಲುಚಕ್ರ ಮುರಿಯಿತೆಂದು ಭಾವಿಸಿ ಇಂತಹ ಯಂತ್ರವನ್ನು ಅಂಗಡಿಗೆ ಹೊತ್ತೊಯ್ಯುವವರು ಕಡಿಮೆಯೇನಿಲ್ಲ.

ಬಳಿಕ ಪರೀಕ್ಷಿಸಬೇಕಾದುದು ಬ್ಯಾಟರಿಯನ್ನು. ಅದೇ ತಯಾರಕರ, ಅದೇ ವೋಲ್ಟಿನ, ಸುಸ್ಥಿತಿಯಲ್ಲಿರುವ ಇನ್ನೊಂದು ಬ್ಯಾಟರಿಯನ್ನು ಜೊತೆ ಕೆಲಸಗಾರರಿಂದ ಪಡೆದು ಹಾಕಿ ನೋಡುವುದು ಅತ್ಯಂತ ಸುಲಭವಾದ ಪರೀಕ್ಷೆ. ಯಂತ್ರ ಎಂದಿನಂತೆ ನಡೆದರೆ ಅದರಲ್ಲಿ ದೋಷವಿಲ್ಲ. ಬರಿದೆ ತಿರುಗಿಸಿದಾಗ ಚೆನ್ನಾಗಿ ತಿರುಗಿ, ಮರಕ್ಕೆ ಅಥವಾ ಗೋಡೆಗೆ ಒತ್ತಿದೊಡನೆ ನಿಂತುಹೋಗುವುದು ಸಾಮಾನ್ಯವಾಗಿ ಬ್ಯಾಟರಿ ಸವೆದಿರುವುದರ ಲಕ್ಷಣ. ಬ್ಯಾಟರಿ ಸರಿಯಿದ್ದು, ಯಂತ್ರದ ಪುಟ್ಟ ದೀಪ ಬೆಳಗಿದರೂ ಮೋಟಾರು ತಿರುಗದಿದ್ದರೆ ಸ್ವಿಚ್ ಅಥವಾ ಮೋಟಾರನ್ನು ಶಂಕಿಸಬೇಕು. ಕಿಡಿಗಳು ಹೆಚ್ಚಾಗಿ ಕಾಣುವುದು, ಯಂತ್ರ ತಡೆತಡೆದು ನಡೆಯುವುದು, ಮೆಲ್ಲನೆ ತಟ್ಟಿದರೆ ಮತ್ತೆ ಚಾಲೂ ಆಗುವುದು — ಇವು ಕಾರ್ಬನ್ ಬ್ರಶ್‌ಗಳು ಸವೆದಿರುವ ಗುರುತುಗಳು. ಇವುಗಳ ಬೆಲೆ ಅಲ್ಪ. ಬದಲಿಸುವ ಕೆಲಸವೂ ಸರಳ. ಆದರೆ ಈಗ ಬ್ರಶ್ ಇಲ್ಲದ ಮೋಟಾರುಗಳುಳ್ಳ ಯಂತ್ರಗಳು ಹೆಚ್ಚಾಗಿವೆ. ಇವುಗಳಲ್ಲಿ ಮೋಟಾರನ್ನು ನಿಯಂತ್ರಿಸುವ ವಿದ್ಯುನ್ಮಾನ ಫಲಕವು ಸುಟ್ಟುಹೋದರೆ ಬಿಡಿಭಾಗವನ್ನಲ್ಲ, ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಬಿಟ್ ಅಲುಗಾಡುತ್ತಿದ್ದರೆ ಅದನ್ನು ಹಿಡಿಯುವ ಚಕ್ ಸವೆದಿರುತ್ತದೆ. ಚಕ್ಕನ್ನು ಬಿಚ್ಚುವವರು ಒಂದು ವಿಷಯವನ್ನು ನೆನಪಿಡಬೇಕು. ಅದರ ಒಳಗಿರುವ ಸ್ಕ್ರೂ ಬಹುತೇಕ ಯಂತ್ರಗಳಲ್ಲಿ ಎಡಮರೆಯದು. ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ತಿರುಗಿಸಿದರೆ ಮಾತ್ರ ಅದು ಸಡಿಲವಾಗುತ್ತದೆ.

ಬ್ಯಾಟರಿಯ ಒಳಗೆ

ತಂತಿರಹಿತ ಡ್ರಿಲ್ ಹೊಸ ವಸ್ತುವೇನಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆ ಇದನ್ನು 1961ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ನೆಲವನ್ನು ಕೊರೆದದ್ದೂ ಬ್ಯಾಟರಿ ಡ್ರಿಲ್ಲಿನಿಂದಲೇ. ಅಂದಿನ ಬ್ಯಾಟರಿಗಳು ಭಾರವಾಗಿದ್ದು ಬೇಗನೆ ಬರಿದಾಗುತ್ತಿದ್ದವು. ಲಿಥಿಯಂ-ಅಯಾನ್ ಬ್ಯಾಟರಿಗಳು ಬಂದ ಬಳಿಕ ಈ ಯಂತ್ರಗಳು ಸಾಮಾನ್ಯ ಕೆಲಸಗಾರನ ಕೈಗೆಟುಕಿದವು.

18 ವೋಲ್ಟಿನ ಬ್ಯಾಟರಿ ಪ್ಯಾಕಿನಲ್ಲಿ ತಲಾ 3.6 ವೋಲ್ಟಿನ ಐದು ಕೋಶಗಳು ಒಂದರ ಹಿಂದೊಂದರಂತೆ ಜೋಡಣೆಯಾಗಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಪ್ರತಿ ಕೋಶ 4.2 ವೋಲ್ಟ್ ತೋರಿಸುವುದರಿಂದ ಇಡೀ ಪ್ಯಾಕ್ 21 ವೋಲ್ಟಿನ ಸಮೀಪ ಇರುತ್ತದೆ. ಡಬ್ಬಿಯ ಮೇಲೆ ‘20 ವೋಲ್ಟ್’ ಅಥವಾ ‘21 ವೋಲ್ಟ್’ ಎಂದು ದೊಡ್ಡದಾಗಿ ಮುದ್ರಿಸಿದ ಯಂತ್ರವು ಹಲವು ವೇಳೆ 18 ವೋಲ್ಟಿನದೇ ಆಗಿರುತ್ತದೆ ಎಂಬುದನ್ನು ಖರೀದಿದಾರರು ಗಮನಿಸಬೇಕು. ಐದು ಕೋಶಗಳಲ್ಲಿ ಒಂದು ದುರ್ಬಲವಾದರೂ ಸಾಕು, ಉಳಿದ ನಾಲ್ಕು ಚೆನ್ನಾಗಿದ್ದರೂ ಪ್ಯಾಕಿನೊಳಗಿನ ರಕ್ಷಣಾ ಫಲಕವು ಪ್ರವಾಹವನ್ನು ಕಡಿದುಹಾಕುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ವೋಲ್ಟೇಜ್ ಎಷ್ಟು ಕುಸಿಯುತ್ತದೆಂದರೆ, ಚಾರ್ಜರ್ ಅದನ್ನು ಸ್ವೀಕರಿಸಲು ನಿರಾಕರಿಸಿ ಕೆಂಪು ದೀಪವನ್ನು ಮಿನುಗಿಸುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗಿ ಬರುವವರು ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ, ಯಂತ್ರದಿಂದ ಬೇರ್ಪಡಿಸಿ, ಒಣ ಸ್ಥಳದಲ್ಲಿ ಇಟ್ಟುಹೋಗುವುದು ಉತ್ತಮ. ಮೊಳೆ, ಸ್ಕ್ರೂಗಳಿರುವ ಚೀಲದಲ್ಲಿ ಬ್ಯಾಟರಿಯ ಲೋಹದ ತುದಿಗಳನ್ನು ಮುಚ್ಚದೆ ಹಾಕಬಾರದು. ಒಂದು ಮೊಳೆ ಅಡ್ಡಬಿದ್ದರೂ ಬೆಂಕಿ ಹತ್ತುವ ಸಂಭವವಿದೆ.

ಸತ್ತಂತೆ ಕಾಣುವ ಬ್ಯಾಟರಿಯನ್ನು ಎರಡು ತಂತಿಗಳ ಮೂಲಕ ಚೆನ್ನಾಗಿರುವ ಬ್ಯಾಟರಿಗೆ ನೇರವಾಗಿ ಜೋಡಿಸಿ ‘ಎಬ್ಬಿಸುವ’ ರೂಢಿ ಕೆಲವರಲ್ಲಿದೆ. ಇದು ಅಪಾಯಕರ. ರಕ್ಷಣಾ ಫಲಕದ ನಿಯಂತ್ರಣವಿಲ್ಲದೆ ಹರಿಯುವ ಪ್ರವಾಹದಿಂದ ಕೋಶಗಳು ಕಾದು ಉರಿಯಬಹುದು. ಅಂಥದೇ ಎಚ್ಚರ ಕೋಶಗಳನ್ನು ಬದಲಿಸಿಕೊಡುವ ಅಂಗಡಿಗಳ ವಿಷಯದಲ್ಲಿಯೂ ಬೇಕು. ಎಲ್ಲ ಕೋಶಗಳನ್ನೂ ಒಟ್ಟಿಗೆ, ಒಂದೇ ಬಗೆಯವನ್ನು ಹಾಕಿ, ಸ್ಪಾಟ್ ವೆಲ್ಡಿಂಗ್ ಮಾಡಿ, ಮೂಲ ರಕ್ಷಣಾ ಫಲಕವನ್ನು ಉಳಿಸಿಕೊಡುವವರ ಕೆಲಸವನ್ನು ಒಪ್ಪಬಹುದು. ಕೆಟ್ಟ ಕೋಶ ಒಂದನ್ನೇ ತೆಗೆದು ಬೆಸುಗೆ ಕಡ್ಡಿಯಿಂದ ಹೊಸದನ್ನು ಅಂಟಿಸುವವರ ಬಳಿ ಹೋಗದಿರುವುದೇ ಲೇಸು. ಉಬ್ಬಿರುವ, ಸೋರುವ ಅಥವಾ ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು.

ಹೊಸ ಬ್ಯಾಟರಿ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತನ್ನು ನೋಡಬೇಕು. ಇಂತಹ ಬ್ಯಾಟರಿಗಳು ಐಎಸ್ 16046 ಮಾನಕಕ್ಕೆ ಅನುಗುಣವಾಗಿದ್ದು, ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಹೊಂದಿರತಕ್ಕದ್ದು. ಆ ಸಂಖ್ಯೆ ನಿಜವಾದದ್ದೇ ಎಂಬುದನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ದುರಸ್ತಿಯ ಲೆಕ್ಕ

ಖಾತರಿ ಅವಧಿಯೊಳಗೆ ಯಂತ್ರವನ್ನು ತಯಾರಕರ ಅಧಿಕೃತ ಸೇವಾಕೇಂದ್ರಕ್ಕೇ ಒಯ್ಯಬೇಕು. ಅಲ್ಲಿ ಒಪ್ಪಿಸುವಾಗ ಕ್ರಮಸಂಖ್ಯೆ, ದಿನಾಂಕ ಹಾಗೂ ದೋಷದ ವಿವರವಿರುವ ರಸೀದಿಯನ್ನು ಪಡೆಯಲು ಮರೆಯಬಾರದು. ‘ನೋಡಿ ಹೇಳುತ್ತೇವೆ’ ಎಂಬ ಬಾಯಿಮಾತು ಮುಂದೆ ಯಾವ ಆಯೋಗದ ಮುಂದೆಯೂ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಬ್ಯಾಟರಿ ಮತ್ತು ಚಾರ್ಜರಿನ ಖಾತರಿ ಅವಧಿಯು ಯಂತ್ರದ ಅವಧಿಗಿಂತ ಬೇರೆಯಾಗಿರಬಹುದಾದ್ದರಿಂದ ಖಾತರಿ ಪತ್ರವನ್ನು ಕೊಳ್ಳುವ ದಿನವೇ ಓದಿಕೊಳ್ಳತಕ್ಕದ್ದು.

ಅವಧಿ ಮುಗಿದ ಮೇಲೆ ವಿಚಾರ ಬೇರೆ. ಬ್ರಶ್, ಸ್ವಿಚ್, ಚಕ್ ಇವುಗಳ ಮಟ್ಟಿಗೆ ಅನುಭವಿಯಾದ ಸ್ಥಳೀಯ ದುರಸ್ತಿಗಾರನ ಕೆಲಸ ಸೇವಾಕೇಂದ್ರದ ಕೆಲಸಕ್ಕಿಂತ ಕೀಳಲ್ಲ. ಹಲವು ವೇಳೆ ಆತ ಅದೇ ದಿನ ಯಂತ್ರವನ್ನು ಹಿಂದಿರುಗಿಸುತ್ತಾನೆ, ದಿನಗೂಲಿಯವನಿಗೆ ಇದೇ ದೊಡ್ಡ ಲಾಭ. ಮೋಟಾರು ಸುಟ್ಟಿದ್ದರೆ ಮಾತ್ರ ಲೆಕ್ಕ ಹಾಕಬೇಕು. ಬ್ಯಾಟರಿ ಸುಸ್ಥಿತಿಯಲ್ಲಿದ್ದಲ್ಲಿ, ಅದೇ ತಯಾರಕರ ಬ್ಯಾಟರಿರಹಿತ ಬರಿ ಯಂತ್ರವನ್ನು ಕೊಳ್ಳುವುದು ಕಡಿಮೆ ವೆಚ್ಚದ ಮಾರ್ಗವಾಗಬಹುದು. ದುರಸ್ತಿಯ ಅಂದಾಜು ಆ ಬರಿ ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನು ಕೊಳ್ಳುವುದು ಜಾಣತನ. ಬಿಡಿಭಾಗ ಹಾಗೂ ದುರಸ್ತಿಯ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸುವ ಉದ್ದೇಶದಿಂದ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿತು.

ದುಡಿಮೆಗಾಗಿ ಕೊಂಡವನು ಗ್ರಾಹಕನೇ?

ದೋಷವಿದ್ದ ಯಂತ್ರವನ್ನು ಮಾರಾಟಗಾರರು ಹಿಂಪಡೆಯದಿದ್ದಾಗ ಹಲವು ಕುಶಲಕರ್ಮಿಗಳು ಸುಮ್ಮನಾಗಿಬಿಡುತ್ತಾರೆ. ‘ನೀವು ಇದನ್ನು ವ್ಯಾಪಾರಕ್ಕೆ ಬಳಸುತ್ತೀರಿ, ಗ್ರಾಹಕ ಕಾನೂನು ನಿಮಗೆ ಅನ್ವಯಿಸುವುದಿಲ್ಲ’ ಎಂಬ ಉತ್ತರ ಅವರನ್ನು ಹಿಮ್ಮೆಟ್ಟಿಸುತ್ತದೆ. ಈ ಉತ್ತರ ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈಯಲ್ಲಿ ಜಾರಿಗೆ ಬಂದು 1986ರ ಅಧಿನಿಯಮದ ಸ್ಥಾನವನ್ನು ಪಡೆಯಿತು. ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರನ್ನು ಅದು ಹೊರಗಿಡುತ್ತದೆ, ನಿಜ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ಗಳಿಸಲೆಂದೇ ಕೊಂಡು, ಸ್ವತಃ ಬಳಸುವ ಸರಕನ್ನು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿಸತಕ್ಕದ್ದಲ್ಲ ಎಂದು ಅದೇ ಅಧಿನಿಯಮದ ವಿವರಣೆ ಸ್ಪಷ್ಟಪಡಿಸುತ್ತದೆ. ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಹಿಂದಿನ ಅಧಿನಿಯಮದ ಇಂಥದೇ ವಿವರಣೆಯನ್ನು ಅರ್ಥೈಸುತ್ತ, ತಾನೇ ಓಡಿಸಿ ಜೀವಿಸಲು ಆಟೋರಿಕ್ಷಾ ಕೊಂಡವನೂ ತಾನೇ ನಡೆಸಲು ಲೇತ್ ಯಂತ್ರ ಕೊಂಡವನೂ ಗ್ರಾಹಕರೇ ಎಂದು ಉದಾಹರಿಸಿತು. ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದೂ ಹೇಳಿತು. ಡ್ರಿಲ್ ಯಂತ್ರವನ್ನು ತಾನೇ ಹಿಡಿದು ದುಡಿಯುವ ಬಡಗಿಯ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. ಹತ್ತಾರು ಯಂತ್ರಗಳನ್ನು ಕೊಂಡು ಕೆಲಸಗಾರರಿಗೆ ಹಂಚುವ ಗುತ್ತಿಗೆದಾರನ ಪ್ರಶ್ನೆ ಬೇರೆ. ದೂರಿನಲ್ಲಿ ‘ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡದ್ದು’ ಎಂಬ ಮಾತನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

ಬಿಲ್ಲು ಕೊಡದಿರುವುದು ಈ ಅಧಿನಿಯಮದಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳಲ್ಲಿ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ‘ಮಾರಿದ ಸರಕನ್ನು ಹಿಂಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಮುದ್ರಿಸಿದ್ದರೂ ದೋಷಯುಕ್ತ ಸರಕಿನ ವಿಷಯದಲ್ಲಿ ಗ್ರಾಹಕರ ಹಕ್ಕು ಅಳಿಯುವುದಿಲ್ಲ. ಆನ್‌ಲೈನ್ ಮೂಲಕ ಕೊಂಡಿದ್ದರೆ, 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಬ್ಯಾಟರಿ ಸಿಡಿದು ಗಾಯವಾದರೆ ಅಥವಾ ಮನೆಯ ಬೇರೆ ವಸ್ತುಗಳು ಸುಟ್ಟರೆ, ಅದಕ್ಕೆ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ.

ದೂರು ಎಲ್ಲಿ?

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇದು ಶುಲ್ಕರಹಿತ; 17 ಭಾಷೆಗಳಲ್ಲಿ ಸೇವೆ ನೀಡುತ್ತಿದ್ದು ಅವುಗಳಲ್ಲಿ ಕನ್ನಡವೂ ಒಂದು. ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ದೂರನ್ನು ವಿವರಿಸಲು ಹಿಂಜರಿಯುವ ಕನ್ನಡಿಗರಿಗೆ ಇದು ಉಪಯುಕ್ತ. ಸಹಾಯವಾಣಿಗೆ ತೀರ್ಪು ನೀಡುವ ಅಧಿಕಾರವಿಲ್ಲ. ಅದು ದೂರನ್ನು ಸಂಬಂಧಪಟ್ಟ ಸಂಸ್ಥೆಗೆ ತಲುಪಿಸಿ ರಾಜಿಗೆ ಯತ್ನಿಸುತ್ತದೆ.

ಅಲ್ಲಿ ಫಲ ಸಿಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ಇಲ್ಲಿ 2019ರ ಅಧಿನಿಯಮ ತಂದ ಒಂದು ಬದಲಾವಣೆ ಈ ನಗರಗಳ ಜನರಿಗೆ ಬಹಳ ಅನುಕೂಲಕರ. ಸಲಕರಣೆ ಕೊಳ್ಳಲು ಅನೇಕರು ಮುಂಬಯಿಯ ನಾಗದೇವಿ ರಸ್ತೆಯ ಅಂಗಡಿಗಳಿಗೆ ಹೋಗುತ್ತಾರೆ. ಹಿಂದೆ, ಎದುರು ಪಕ್ಷದವರು ಇರುವ ಅಥವಾ ವ್ಯಾಜ್ಯ ಉದ್ಭವಿಸಿದ ಸ್ಥಳದಲ್ಲಿಯೇ ದೂರು ಕೊಡಬೇಕಾಗಿತ್ತು. ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿ ಕೊಡಬಹುದು. ಡೊಂಬಿವಲಿ, ಕಲ್ಯಾಣ್ ನಿವಾಸಿಗಳಿಗೆ ಅದು ಥಾಣೆ ಜಿಲ್ಲೆ. ಐರೋಲಿ, ವಾಶಿ, ನೆರೂಲ್, ಬೇಲಾಪುರಗಳೂ ಥಾಣೆ ಜಿಲ್ಲೆಗೇ ಸೇರಿವೆ. ಆದರೆ ನವಿಮುಂಬಯಿ ಎಂದೇ ಜನ ಕರೆಯುವ ಖಾರ್‌ಘರ್, ಕಾಮೋಠೆ, ಪನ್ವೇಲ್‌ಗಳು ರಾಯಗಡ ಜಿಲ್ಲೆಯವು. ಅಲ್ಲಿಯವರು ವಿಳಾಸ ಬರೆಯುವಾಗ ಇದನ್ನು ಮರೆಯಬಾರದು.

ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಲ್ಲಿ ಆರಂಭವಾದ ‘ಇ-ಜಾಗೃತಿ’ ಜಾಲತಾಣದ ಮೂಲಕ ಮನೆಯಿಂದಲೂ ದೂರು ಸಲ್ಲಿಸಬಹುದು. ವ್ಯಾಜ್ಯಕ್ಕೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಣಯಿಸಲಾಗದಿದ್ದರೆ ಆಯೋಗವು ಯಂತ್ರವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಅದಕ್ಕೆ ತಗಲುವ ಶುಲ್ಕವನ್ನು ದೂರುದಾರನಿಂದ ಕೇಳಬಹುದು. ಬಿಚ್ಚದೆ ಇಟ್ಟ ಯಂತ್ರಕ್ಕೆ ಬೆಲೆ ಬರುವುದು ಇಲ್ಲಿಯೇ. ಪರೀಕ್ಷೆ ಬೇಡವಾದ ದೂರನ್ನು ಮೂರು ತಿಂಗಳಲ್ಲಿ, ಬೇಕಾದುದನ್ನು ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆಯಾದರೂ ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಆದುದರಿಂದ ಸಹಾಯವಾಣಿಯ ಹಂತದಲ್ಲಿ ನ್ಯಾಯವಾದ ರಾಜಿ ದೊರೆತರೆ ಒಪ್ಪಿಕೊಳ್ಳುವುದು ಅವಿವೇಕವೇನಲ್ಲ.

ಬದಲಿಸಿದ ಬಳಿಕ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಪ್ರತ್ಯೇಕವಾಗಿಟ್ಟು ಸಂಗ್ರಹಣೆ ಅಥವಾ ಮರುಬಳಕೆ ಕೇಂದ್ರಕ್ಕೆ ಒಪ್ಪಿಸುವ ಹೊಣೆಯನ್ನು ಬಳಕೆದಾರನಿಗೂ, ಹಿಂಪಡೆಯುವ ಹೊಣೆಯನ್ನು ತಯಾರಕರಿಗೂ ವಹಿಸಿವೆ. ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಸೇವಾಕೇಂದ್ರದಲ್ಲಿ ಅಥವಾ ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ ವಿಚಾರಿಸಿ ಒಪ್ಪಿಸಬಹುದು. ಕೆಟ್ಟ ಯಂತ್ರವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಒಳಪಡುತ್ತದೆ. ಅದನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಕೊಡತಕ್ಕದ್ದು.